ವಿಮಾನದ ಜಿಪಿಎಸ್ ಎತ್ತರದ ವಿಷಯದಲ್ಲಿ ಎಷ್ಟು ನಂಬಿಕಸ್ತ?



ಗುಮ್ಮಘಟ್ಟದಲ್ಲಿ ಕಳೆದ ಸಭೆ ಮುಗಿದ ಮೇಲೆ ಸದಸ್ಯರೊಬ್ಬರು ನಮ್ಮನ್ನು ಪಕ್ಕಕ್ಕೆ ಕರೆದರು. ಅವರ ಮಗಳು ಸಣ್ಣ ವಿಮಾನ ಹಾರಿಸುವ ತರಬೇತಿಗೆ ಸೇರಿದ್ದಾಳೆ. "ಇಳಿಯುವ ದಾರಿಯನ್ನೂ ಜಿಪಿಎಸ್ಸೇ ತೋರಿಸುತ್ತದಂತೆ. ಇನ್ನೇನು ಭಯ ಅಲ್ಲವೇ ಸ್ವಾಮಿ?" ಎಂದು ಕೇಳಿದರು. ನಿಂತ ನಿಲುವಿನಲ್ಲಿ ಉತ್ತರ ಕೊಡಲು ನಮಗಾಗಲಿಲ್ಲ. ಆಮೇಲೆ ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡದ್ದನ್ನು ಎಲ್ಲರಿಗೂ ಉಪಯೋಗವಾಗಲೆಂದು ಇಲ್ಲಿ ಕೊಡುತ್ತಿದ್ದೇವೆ.

ಎತ್ತರದ ಲೆಕ್ಕ ಏಕೆ ಕಷ್ಟ

ಉಪಗ್ರಹಗಳು ನಮ್ಮ ನಾಲ್ಕೂ ದಿಕ್ಕಿಗೆ ಇರುತ್ತವೆ. ಆದರೆ ಎಲ್ಲವೂ ತಲೆಯ ಮೇಲೆಯೇ, ಕಾಲಡಿಯಲ್ಲಿ ಒಂದೂ ಇಲ್ಲ. ಆದ್ದರಿಂದ ಅಡ್ಡಡ್ಡ ಸ್ಥಾನಕ್ಕಿಂತ ಎತ್ತರದಲ್ಲಿ ತಪ್ಪು ಸಾಮಾನ್ಯವಾಗಿ ಒಂದೂವರೆ ಪಟ್ಟಿನಿಂದ ಎರಡು ಪಟ್ಟು ಹೆಚ್ಚು. ಇನ್ನೊಂದು ತೊಡಕೂ ಇದೆ. ಉಪಗ್ರಹವು ಎತ್ತರವನ್ನು ಅಳೆಯುವುದು ಗಣಿತದಲ್ಲಿ ಕಲ್ಪಿಸಿದ ನುಣುಪಾದ ಭೂಮಿಯಿಂದ, ಸಮುದ್ರಮಟ್ಟದಿಂದ ಅಲ್ಲ. ದಕ್ಷಿಣ ಭಾರತದಲ್ಲಿ ಇವೆರಡರ ನಡುವಿನ ಅಂತರ ಬಹಳ ದೊಡ್ಡದು. ಬೆಂಗಳೂರಿನ ಸುತ್ತ ಸುಮಾರು 85 ಮೀಟರು. ಕೆಲವು ಮೊಬೈಲುಗಳು ಊರಿನ ಎತ್ತರವನ್ನು ಕಡಿಮೆ ತೋರಿಸುವುದು ಇದಕ್ಕೇ. ವಿಮಾನದ ಉಪಕರಣಗಳು ಈ ವ್ಯತ್ಯಾಸವನ್ನು ಸರಿಪಡಿಸಿಕೊಳ್ಳುತ್ತವೆ. ಆದರೂ ವಿಮಾನಗಳು ಒಂದರಿಂದೊಂದು ಎತ್ತರದ ಅಂತರ ಕಾಯ್ದುಕೊಳ್ಳುವುದು ಗಾಳಿಯ ಒತ್ತಡ ಅಳೆಯುವ ಆಲ್ಟಿಮೀಟರಿನಿಂದ, ಜಿಪಿಎಸ್ಸಿನಿಂದ ಅಲ್ಲ.

ಮೂರು ಬಗೆಯ ಇಳಿಕೆಯ ದಾರಿ

1. ಬರೀ ಲೆಕ್ಕ: ಎಲ್ಲಿ ಎಷ್ಟು ಎತ್ತರಕ್ಕೆ ಬರಬೇಕೆಂದು ಪೈಲಟ್ ನಮೂದಿಸಿದರೆ, ಯಾವಾಗ ಇಳಿಯಲು ಶುರುಮಾಡಬೇಕೆಂದು ಉಪಕರಣ ಹೇಳುತ್ತದೆ. ಇದು ಎರಡು ಬಿಂದುಗಳ ನಡುವೆ ಎಳೆದ ಗೆರೆ, ಅಷ್ಟೆ. ನಡುವೆ ನಮ್ಮ ರಾಯದುರ್ಗದ ಕೋಟೆ ಬೆಟ್ಟದಂಥದ್ದು ಅಡ್ಡ ಬಂದರೂ ಆ ಲೆಕ್ಕಕ್ಕೆ ಗೊತ್ತಾಗದು. ಬೆಟ್ಟದ ಎಚ್ಚರಿಕೆ ಕೊಡುವುದು ಬೇರೆಯೇ ಸೌಲಭ್ಯ.

2. ಸಲಹೆಯ ದಾರಿ: ರನ್‌ವೇ ಕಡೆಗೆ ಸುಮಾರು 3 ಡಿಗ್ರಿ ಇಳಿಜಾರನ್ನು ಪರದೆಯ ಮೇಲೆ ತೋರಿಸುತ್ತದೆ, ಅಂದರೆ ಒಂದು ನಾಟಿಕಲ್ ಮೈಲಿಗೆ ಸುಮಾರು 318 ಅಡಿ ಇಳಿತ. ನೋಡಲು ಮೂರನೆಯ ಬಗೆಯಂತೆಯೇ ಕಾಣುತ್ತದೆ, ಅಪಾಯ ಇರುವುದೇ ಅಲ್ಲಿ. ನಕ್ಷೆಯಲ್ಲಿ ಕೊಟ್ಟ ಕನಿಷ್ಠ ಎತ್ತರಗಳನ್ನು ಪೈಲಟ್ಟೇ ಕಾಯಬೇಕು. ರನ್‌ವೇ ಕಣ್ಣಿಗೆ ಕಾಣದೆ ಕನಿಷ್ಠ ಎತ್ತರಕ್ಕಿಂತ ಕೆಳಗೆ ಈ ಗೆರೆ ಹಿಡಿದು ಹೋದರೆ, ಮರವೋ ಗೋಪುರವೋ ಅಡ್ಡ ಇಲ್ಲವೆಂಬ ಖಾತ್ರಿ ಯಾರೂ ಕೊಟ್ಟಿಲ್ಲ.

3. ಮಂಜೂರಾದ ದಾರಿ: ಇದಕ್ಕೆ ಉಪಗ್ರಹದ ತಪ್ಪನ್ನು ತಿದ್ದುವ ವ್ಯವಸ್ಥೆ ಬೇಕು. ನಮ್ಮ ದೇಶದಲ್ಲಿ ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ 'ಗಗನ್' ಇದೆ. ಅದರ ನಿಯಂತ್ರಣ ಕೇಂದ್ರ ಬೆಂಗಳೂರಿನ ಕುಂದಲಹಳ್ಳಿಯಲ್ಲಿದೆ. ಎತ್ತರದ ಮಾರ್ಗದರ್ಶನಕ್ಕೆ ಅದಕ್ಕೆ 2015ರಲ್ಲಿ ಮಾನ್ಯತೆ ಸಿಕ್ಕಿತು. 2022ರ ಏಪ್ರಿಲಿನಲ್ಲಿ ಇಂಡಿಗೋದ ಎಟಿಆರ್ ವಿಮಾನ ಇದರ ನೆರವಿನಿಂದ ರಾಜಸ್ಥಾನದ ಕಿಶನ್‌ಗಢದಲ್ಲಿ ಇಳಿಯಿತು. ಎತ್ತರದ ತಪ್ಪು 50 ಮೀಟರು ದಾಟಬಹುದೆಂದು ಅನುಮಾನ ಬಂದರೂ ಉಪಕರಣ ಈ ಸೇವೆಯನ್ನು ಹಿಂತೆಗೆದುಕೊಳ್ಳುತ್ತದೆ. ಭೂಕಾಂತ ಸಮಭಾಜಕ ದಕ್ಷಿಣ ಭಾರತದ ಮೇಲೆ ಹಾದುಹೋಗುವುದರಿಂದ, ಸಂಜೆಯ ನಂತರ ಮೇಲಿನ ವಾತಾವರಣದ ಕಲಕಾಟ ನಮ್ಮಲ್ಲಿ ಹೆಚ್ಚು. ಸೇವೆ ನಡುವೆ ತಪ್ಪಿದರೆ ಏನು ಮಾಡಬೇಕೆಂದು ಮೊದಲೇ ಗೊತ್ತಿರಬೇಕು.

ಗಾಳಿಯ ಒತ್ತಡ ಆಧರಿಸಿದ ಇಳಿಜಾರಿಗೂ ಮಿತಿಯಿದೆ. ನಮ್ಮ ಅನಂತಪುರದ ಬೇಸಿಗೆಯಲ್ಲಿ ವಿಮಾನ ಆಲ್ಟಿಮೀಟರು ತೋರಿಸುವುದಕ್ಕಿಂತ ಮೇಲೆ ಇರುತ್ತದೆ, ಇಳಿಜಾರು ಕಡಿದಾಗುತ್ತದೆ. ಚಳಿ ದೇಶದಲ್ಲಿ ಇದು ತಿರುವುಮುರುವು; ಅಲ್ಲಿ ವಿಮಾನ ಕೆಳಗಿರುತ್ತದೆ. ಒತ್ತಡದ ಅಂಕಿಯನ್ನು 10 ಹೆಕ್ಟೋಪಾಸ್ಕಲ್ ತಪ್ಪಾಗಿ ಇಟ್ಟರೂ ಸುಮಾರು 300 ಅಡಿ ಎಡವಟ್ಟು.

ಮರೆಯಲಾಗದ ದಿನ

2010ರ ಮೇ 22ರ ಬೆಳಗನ್ನು ಮಂಗಳೂರು, ಕಾಸರಗೋಡಿನ ನಮ್ಮ ಬಂಧುಗಳು ಮರೆತಿಲ್ಲ. ದುಬೈಯಿಂದ ಬಂದ ವಿಮಾನ ಇಳಿಯಬೇಕಾದ ಇಳಿಜಾರಿಗಿಂತ ಬಹಳ ಮೇಲಿತ್ತು. ಸುಮಾರು 8,000 ಅಡಿಯ ರನ್‌ವೇಯಲ್ಲಿ 5,200 ಅಡಿ ದಾಟಿದ ಮೇಲೆ ನೆಲ ಮುಟ್ಟಿತು. 158 ಜನ ಹೋದರು, 8 ಮಂದಿ ಉಳಿದರು. ಅದು ದೊಡ್ಡ ವಿಮಾನ, ಅಲ್ಲಿ ಜಿಪಿಎಸ್ಸಿನ ದೋಷವೇನೂ ಇರಲಿಲ್ಲ. ಉಪಕರಣ ಎಚ್ಚರಿಸಿತ್ತು, ಸಹ ಪೈಲಟ್ ಕೂಡ ಮತ್ತೆ ಮೇಲೇರಲು ಹೇಳಿದ್ದರು. ದಾರಿ ತಪ್ಪಿದೆ ಎಂದು ಒಪ್ಪಿಕೊಂಡು ಮೇಲೇರುವ ನಿರ್ಧಾರವನ್ನು ಯಾವ ಪರದೆಯೂ ನಮ್ಮ ಪರವಾಗಿ ಮಾಡುವುದಿಲ್ಲ.

ಆ ಸದಸ್ಯರಿಗೆ ನಮ್ಮ ಉತ್ತರ ಇಷ್ಟೆ: ಭಯ ಬೇಡ, ಆದರೆ ಮಗಳನ್ನು ಮೂರು ಪ್ರಶ್ನೆ ಕೇಳಿ. ಪರದೆಯ ಮೇಲಿನ ಗೆರೆ ಸಲಹೆಯದೋ, ಮಂಜೂರಾದದ್ದೋ? ಯಾವ ಎತ್ತರಕ್ಕಿಂತ ಕೆಳಗೆ ಹೋಗಬಾರದು? ಗೆರೆ ಮಾಯವಾದರೆ ಏನು ಮಾಡುತ್ತೀಯಮ್ಮ? ಮೂರಕ್ಕೂ ತಡವರಿಸದೆ ಉತ್ತರ ಬಂದರೆ ನೀವು ನಿಶ್ಚಿಂತೆಯಿಂದ ನಿದ್ದೆ ಮಾಡಬಹುದು.

ಈ ವಿಷಯ ಬಲ್ಲ ಸದಸ್ಯರಿದ್ದರೆ ಮುಂದಿನ ಸಭೆಯಲ್ಲಿ ನಾಲ್ಕು ಮಾತನಾಡಬೇಕೆಂದು ಕೋರುತ್ತೇವೆ. ತಪ್ಪು ಕಂಡರೆ ತಿಳಿಸಿ, ತಿದ್ದಿಕೊಳ್ಳುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ