ಬಗನಿ ಗೊನೆಯ ಬಾವಲಿ: ಒಂದು ಸಾಮಾನ್ಯ ಪ್ರಾಣಿಯ ಅಧ್ಯಯನ ಚರಿತ್ರೆ

ತಮಿಳುನಾಡಿನ ಕರಾವಳಿಯ ತರಂಗಂಬಾಡಿ 1620ರಿಂದ 1845ರವರೆಗೆ ಡೆನ್ಮಾರ್ಕಿನವರ ಕೈಯಲ್ಲಿತ್ತು. ವ್ಯಾಪಾರಿಗಳ ಬೆನ್ನಿಗೇ ಅಲ್ಲಿಗೆ ಪಾದ್ರಿಗಳೂ ಬಂದರು. ಅವರಲ್ಲಿ ಕೆಲವರು ಧರ್ಮಪ್ರಚಾರದ ಜೊತೆಜೊತೆಗೆ ಗಿಡ, ಮೀನು, ಕೀಟಗಳನ್ನು ಸಂಗ್ರಹಿಸಿ ಯುರೋಪಿನ ವಿದ್ವಾಂಸರಿಗೆ ಕಳಿಸುತ್ತಿದ್ದರು. ಅದೇ ಊರಿನಿಂದ ಹೋದ ಬಾವಲಿಯೊಂದನ್ನು ಡೇನಿಷ್ ವಿದ್ವಾಂಸ ಮಾರ್ಟಿನ್ ವಾಲ್ 1797ರಲ್ಲಿ ‘ವೆಸ್ಪರ್ಟಿಲಿಯೊ ಸ್ಫಿಂಕ್ಸ್’ ಎಂಬ ಹೆಸರಿನಿಂದ ವರ್ಣಿಸಿದ. ವಾಲ್ ಮೂಲತಃ ಸಸ್ಯವಿಜ್ಞಾನಿ, ಲಿನೇಯಸನ ಶಿಷ್ಯ. ಗುರು ಬಹುತೇಕ ಬಾವಲಿಗಳನ್ನು ಒಂದೇ ಕುಲಕ್ಕೆ ಸೇರಿಸಿದ್ದ, ಶಿಷ್ಯನೂ ಹಾಗೆಯೇ ಮಾಡಿದ.

ಇಂದು ಸೈನಾಪ್ಟೆರಸ್ ಸ್ಫಿಂಕ್ಸ್ ಎಂದು ಗುರುತಿಸುವ ಈ ಗಿಡ್ಡಮೂತಿಯ ಹಣ್ಣುಬಾವಲಿ ಪಾಕಿಸ್ತಾನದಿಂದ ಭಾರತ, ಶ್ರೀಲಂಕಾ, ನೇಪಾಳ, ಮ್ಯಾನ್ಮಾರ್‌ಗಳನ್ನು ಹಾದು ದಕ್ಷಿಣ ಚೀನಾ ಮತ್ತು ಇಂಡೋನೇಷ್ಯದವರೆಗೆ ಹಬ್ಬಿದೆ. ಕರ್ನಾಟಕದಲ್ಲಿ ಮಲೆನಾಡಿನ ತೋಟಗಳಲ್ಲೂ ಬಯಲುಸೀಮೆಯ ಊರುಗಳಲ್ಲೂ ಬೆಂಗಳೂರಿನ ಉದ್ಯಾನಗಳಲ್ಲೂ ಇದೆ. ಹಗಲು ದೊಡ್ಡ ಆಲದಲ್ಲೋ ಹುಣಸೆಯಲ್ಲೋ ಸಾವಿರಗಟ್ಟಲೆ ನೇತಾಡುವ ತೊಗಲುಬಾವಲಿ ಇದಲ್ಲ. ಇದು ಐವತ್ತು ಗ್ರಾಂ ಆಸುಪಾಸಿನದು, ಕಿವಿಯ ಅಂಚಿನಲ್ಲಿ ತಿಳಿಬಿಳುಪಿನ ಗೆರೆಯಿರುವುದು, ಸಣ್ಣ ಗುಂಪುಗಳಲ್ಲಿ ಎಲೆಮರೆಯಲ್ಲಿ ವಾಸಿಸುವುದು. ‘ಎಲ್ಲೆಡೆ ಇರುವ ಸಾಮಾನ್ಯ ಬಾವಲಿ’ ಎಂಬ ಒಂದೇ ಕಾರಣಕ್ಕೆ ಇದನ್ನು ಬಹುಕಾಲ ಯಾರೂ ಸರಿಯಾಗಿ ನೋಡಲಿಲ್ಲ ಎಂಬುದು ಈ ಲೇಖನದ ವಾದ. ಆ ಉದಾಸೀನದ ಫಲವನ್ನು ಉಂಡದ್ದು ಈ ಬಾವಲಿಯೊಂದೇ ಅಲ್ಲ.

ಮೊದಲ ನೂರು ವರ್ಷಗಳ ಕೆಲಸವೆಲ್ಲ ಚರ್ಮ ಮತ್ತು ತಲೆಬುರುಡೆಗಳ ಮೇಲೆ ನಡೆದದ್ದು. 1810ರಲ್ಲಿ ಫ್ರಾನ್ಸಿನ ಜೆಫ್ರಾ ಸೇಂತ್-ಇಲೇರ್ ಬಂಗಾಳದ ಮಾದರಿಯನ್ನು ಬೇರೆ ಪ್ರಭೇದವೆಂದು ಭಾವಿಸಿ ಅದಕ್ಕೆ ಹೊಸ ಹೆಸರಿಟ್ಟ. ಆ ಹೆಸರನ್ನೇ ಆಧರಿಸಿ 1824ರಲ್ಲಿ ಫ್ರೆಡರಿಕ್ ಕುವಿಯೆ ಸೈನಾಪ್ಟೆರಸ್ ಕುಲವನ್ನು ಸ್ಥಾಪಿಸಿದ. ವಾಲ್‌ನ ಬಾವಲಿಯೂ ಇದೂ ಒಂದೇ ಎಂಬುದು ಆಮೇಲೆ ತೀರ್ಮಾನವಾಯಿತು. ಈ ಗೊಂದಲಗಳನ್ನು ಬಿಡಿಸುವ ದೊಡ್ಡ ಪ್ರಯತ್ನ ಮತ್ತೊಬ್ಬ ಡೇನಿಷ್ ವಿದ್ವಾಂಸ ಕ್ನುಡ್ ಆಂಡರ್ಸನ್‌ನದು. ಬ್ರಿಟಿಷ್ ಮ್ಯೂಸಿಯಮ್ಮಿನ ಸಂಗ್ರಹವನ್ನು ಪರಿಶೀಲಿಸಿ ಆತ 1912ರಲ್ಲಿ ಪ್ರಕಟಿಸಿದ ಹಣ್ಣುಬಾವಲಿಗಳ ಸೂಚಿ ಇಂದಿಗೂ ಬಳಕೆಯಲ್ಲಿದೆ. ಆದರೆ ಪ್ರಾಣಿ ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ, ಮರಿಗಳನ್ನು ಹೇಗೆ ಸಾಕುತ್ತದೆ ಎಂಬುದನ್ನು ಅಳತೆಪಟ್ಟಿ ಹೇಳಲಾರದು.

‘ಸಾಮಾನ್ಯ’ ಎಂಬ ಹಣೆಪಟ್ಟಿ ಎಷ್ಟು ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಮಧುರೈ ಸೀಮೆಯ ಒಂದು ಪ್ರಸಂಗ ಸಾಕ್ಷಿ. 1948ರಲ್ಲಿ ಆಂಗಸ್ ಹಟ್ಟನ್ ಎಂಬ ತೋಟಗಾರ ಪಶ್ಚಿಮಘಟ್ಟದ ಹೈವೇವಿಸ್ ಬೆಟ್ಟಗಳಲ್ಲಿ ಒಂದು ಹಣ್ಣುಬಾವಲಿಯನ್ನು ಸಂಗ್ರಹಿಸಿದರು. ಅದು ಸೈನಾಪ್ಟೆರಸ್ ಸ್ಫಿಂಕ್ಸ್ ಎಂಬ ಚೀಟಿ ಹೊತ್ತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಂಗ್ರಹದಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಕುಳಿತಿತ್ತು. ಥಾಯ್ಲೆಂಡಿನ ಕಿಟ್ಟಿ ತೊಂಗ್ಲೊಂಗ್ಯ ಅದನ್ನು ಮತ್ತೆ ಪರೀಕ್ಷಿಸಿದಾಗ ಅದೊಂದು ಹೊಸ ಪ್ರಭೇದ ಮಾತ್ರವಲ್ಲ, ಹೊಸ ಕುಲವೇ ಎಂದು ಗೊತ್ತಾಯಿತು. 1972ರಲ್ಲಿ ಅದಕ್ಕೆ ಪಕ್ಷಿತಜ್ಞ ಸಲೀಂ ಅಲಿ ಅವರ ಗೌರವಾರ್ಥ ಲ್ಯಾಟಿಡೆನ್ಸ್ ಸಲೀಮಲೈ ಎಂದು ಹೆಸರಿಡಲಾಯಿತು. ಜಗತ್ತಿನ ಅತ್ಯಂತ ವಿರಳ ಬಾವಲಿಗಳಲ್ಲಿ ಒಂದು, ಪರಿಚಿತ ಬಾವಲಿಯ ಹೆಸರಿನಡಿ ಅಷ್ಟು ವರ್ಷ ಅಡಗಿತ್ತು.

ಅದೇ 1972ರಲ್ಲಿ ಬಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲೂ ಇದೇ ಮನೋಭಾವವನ್ನು ಕಾಣಬಹುದು. ಅದರ ಐದನೇ ಅನುಸೂಚಿಯಲ್ಲಿ ಕಾಗೆ, ಇಲಿ, ಹೆಗ್ಗಣಗಳ ಜೊತೆ ‘ಹಣ್ಣುಬಾವಲಿಗಳು’ ಎಂದಷ್ಟೇ ನಮೂದಿಸಿ, ಎಲ್ಲವನ್ನೂ ಪೀಡಕ ಪ್ರಾಣಿಗಳೆಂದು ಘೋಷಿಸಲಾಗಿತ್ತು. ಹಣ್ಣು ತಿನ್ನುತ್ತದೆ, ಆದ್ದರಿಂದ ಹಾನಿಕರ ಎಂಬುದಷ್ಟೇ ತರ್ಕ. ಯಾವ ಪ್ರಭೇದ, ಯಾವ ಹಣ್ಣು, ಎಷ್ಟು ನಷ್ಟ ಎಂಬ ವಿಚಾರಣೆಯೇ ಆ ನಮೂದಿನಲ್ಲಿಲ್ಲ. ಲ್ಯಾಟಿಡೆನ್ಸ್‌ಗೂ, ಬೆಳಗಾವಿ ಜಿಲ್ಲೆಯ ಬಾರಾಪೇಡೆ ಗುಹೆಯ ಕೀಟಾಹಾರಿ ರಾಟನ್ ಬಾವಲಿಗೂ ಮುಂದೆ ಮೊದಲ ಅನುಸೂಚಿಯ ರಕ್ಷಣೆ ದೊರೆಯಿತು. ಉಳಿದ ಹಣ್ಣುಬಾವಲಿಗಳ ಪಾಲಿಗೆ ಪೀಡಕಪಟ್ಟಿ ಐವತ್ತು ವರ್ಷ ಹಾಗೇ ಇತ್ತು. 2022ರ ತಿದ್ದುಪಡಿಯಿಂದ, 2023ರ ಏಪ್ರಿಲ್ 1ರಂದು ಅದು ಜಾರಿಗೆ ಬಂದಾಗ, ಆ ಅನುಸೂಚಿ ಹೊರಟುಹೋಯಿತು.

ಈ ಬಾವಲಿಯ ಬದುಕು ನಿಜವಾಗಿ ಬೆಳಕಿಗೆ ಬಂದದ್ದು 1990ರ ದಶಕದಲ್ಲಿ. ಪಾಳಯಂಕೋಟೆಯ ಜೆ. ಬಾಲಸಿಂಗ್ ಮತ್ತು ಸಂಗಡಿಗರು ಬಾಸ್ಟನ್ ವಿಶ್ವವಿದ್ಯಾಲಯದ ತಾಮಸ್ ಕುಂಜ್ ಜೊತೆಗೂಡಿ 1995ರಲ್ಲಿ ಇದರ ಗೂಡು ಕಟ್ಟುವ ವಿಧಾನವನ್ನು ವಿವರವಾಗಿ ದಾಖಲಿಸಿದರು. ಕಟ್ಟಡಗಳ ಮೇಲೆ ಇಳಿಬಿಟ್ಟ ಪರದೆ ಬಳ್ಳಿಯೊಳಗೋ, ಅಶೋಕವೆಂದೇ ಎಲ್ಲರೂ ಕರೆಯುವ ನೀಳ ಪಾಲಿಯಾಲ್ತಿಯಾ ಮರದಲ್ಲೋ ಗಂಡು ಬಾವಲಿ ಸಣ್ಣ ಕಾಂಡಗಳನ್ನೂ ಎಲೆಗಳನ್ನೂ ಕಚ್ಚಿ ಕತ್ತರಿಸುತ್ತದೆ. ವಾರಗಟ್ಟಲೆ ಹೀಗೆ ಮಾಡಿ ಒಳಗೊಂದು ಗಂಟೆಯಾಕಾರದ ಪೊಳ್ಳನ್ನು ಸಿದ್ಧಪಡಿಸುತ್ತದೆ. ಕೆಲಸವೆಲ್ಲ ಗಂಡಿನದೇ. ಹೆಣ್ಣುಗಳು ಆಮೇಲೆ ಬಂದು ಸೇರುತ್ತವೆ.

ಅದೇ ವರ್ಷ ಪುಣೆಯ ಎಚ್.ಆರ್. ಭಟ್ ಮತ್ತು ಕುಂಜ್ ಬಗನಿ ಮರದ ಗೊನೆಗಳನ್ನು ಕುರಿತು ಬರೆದರು. ನಮ್ಮ ಮಲೆನಾಡಿನವರಿಗೆ ಬಗನಿ, ಅಂದರೆ ಬೈನೆ, ಚಿರಪರಿಚಿತ ಮರ. ಅದರ ಗೊನೆ ಬಿಚ್ಚಿದ ಜಡೆಯ ಹಾಗೆ ನೂರಾರು ಎಳೆಗಳಾಗಿ ಇಳಿಬಿದ್ದಿರುತ್ತದೆ. ಬಾವಲಿ ನಡುವಿನ ಎಳೆಗಳನ್ನು ಮಾತ್ರ ಕಡಿದು ಹಾಕುತ್ತದೆ, ಸುತ್ತಲಿನವನ್ನು ಹಾಗೇ ಬಿಡುತ್ತದೆ. ಹೊರಗಿನಿಂದ ನೋಡಿದರೆ ಗೊನೆ ಇಡಿಯಾಗಿಯೇ ಕಾಣುತ್ತದೆ. ಮರದಡಿ ನಿಂತು ನೇರ ಮೇಲಕ್ಕೆ ಕಣ್ಣು ಹಾಯಿಸಿದರೆ ಮಾತ್ರ ಕತ್ತಲೆಯ ಪೊಳ್ಳು, ಅದರೊಳಗೆ ಒತ್ತೊತ್ತಾಗಿ ನೇತಾಡುವ ಹೆಣ್ಣುಗಳು, ಕೆಲವೊಮ್ಮೆ ಎದೆಗಂಟಿದ ಮರಿಗಳು ಕಾಣುತ್ತವೆ. ಇಂಥ ಗೂಡನ್ನು ಯಾವ ಮ್ಯೂಸಿಯಮ್ಮಿನ ಚರ್ಮವೂ ತೋರಿಸಲಾರದಾಗಿತ್ತು.

ಪುಣೆಯ ಗೂಡುಗಳಲ್ಲೇ ಮುಂದೆ ಜೇ ಸ್ಟಾರ್ಜ್, ಭಟ್ ಮತ್ತು ಕುಂಜ್ ವಂಶವಾಹಿ ಪರೀಕ್ಷೆ ನಡೆಸಿದರು. ಗೂಡಿನ ಮರಿಗಳಲ್ಲಿ ಹೆಚ್ಚಿನವಕ್ಕೆ ಆ ಗೂಡಿನ ಗಂಡೇ ತಂದೆ, ಆದರೆ ಎಲ್ಲವಕ್ಕೂ ಅಲ್ಲ. ಮರಿಗಳು ಗಂಡಾಗಲಿ ಹೆಣ್ಣಾಗಲಿ, ಪ್ರಾಯಕ್ಕೆ ಬರುವ ಮೊದಲೇ ಹುಟ್ಟಿದ ಗುಂಪನ್ನು ಬಿಟ್ಟು ಹೋಗುತ್ತವೆ. ದಕ್ಷಿಣದಿಂದ ಉತ್ತರಕ್ಕೆ ಹೋದಂತೆ ಈ ಬಾವಲಿಯ ಮೈಗಾತ್ರ ಹೆಚ್ಚುತ್ತದೆಂಬುದನ್ನೂ ಇದೇ ಬಳಗ 2001ರಲ್ಲಿ ತೋರಿಸಿತು. ಸಂತಾನದ ವಿಷಯದಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಕೆಲಸ ಮಹತ್ವದ್ದು. ಹೆಣ್ಣು ವರ್ಷಕ್ಕೆ ಎರಡು ಸಲ ಒಂದೊಂದು ಮರಿ ಹಾಕುತ್ತದೆ. ಚಳಿಗಾಲದ ಬಸಿರಿನಲ್ಲಿ ಭ್ರೂಣದ ಬೆಳವಣಿಗೆ ಕೆಲಕಾಲ ನಿಧಾನವಾಗುವುದರಿಂದ ಅದು ಬೇಸಿಗೆಯ ಬಸಿರಿಗಿಂತ ದೀರ್ಘವಾಗಿರುತ್ತದೆ. ಮರಿ ಹುಟ್ಟುವುದು ಹಣ್ಣು ಸಿಗುವ ಕಾಲಕ್ಕೆ ಹೊಂದುವುದು ಹೀಗೆ.

ಆಹಾರದ ಕ್ರಮವೂ ಗಮನಾರ್ಹ. ಇದು ಹಣ್ಣನ್ನು ಮರದಲ್ಲೇ ಕೂತು ತಿನ್ನುವುದು ಕಡಿಮೆ. ಪೇರಲೆಯನ್ನೋ ಅತ್ತಿಯನ್ನೋ ಕಾಡುಬಾದಾಮಿಯನ್ನೋ ಕಚ್ಚಿಕೊಂಡು ಬೇರೊಂದು ಮರಕ್ಕೆ ಹಾರಿ, ಅಲ್ಲಿ ಜಗಿದು ರಸ ನುಂಗಿ, ನಾರಿನ ಚರಟವನ್ನು ಉಗುಳುತ್ತದೆ. ಗಸಗಸೆ ಹಣ್ಣಿನಂಥವುಗಳ ಸಣ್ಣ ಬೀಜಗಳು ಹೊಟ್ಟೆಯೊಳಗೇ ದಾಟಿ ಹೋಗುತ್ತವೆ, ದೊಡ್ಡವು ತಿನ್ನುವ ಮರದಡಿ ಬೀಳುತ್ತವೆ. ಈ ಬಾವಲಿಯಿಂದ ರೈತನಿಗೆ ನಷ್ಟವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಪೇರಲೆ, ಸಪೋಟ ತೋಟಗಳಲ್ಲಿ ಅದು ಇದೆ. ಆದರೆ ಲೆಕ್ಕದ ಇನ್ನೊಂದು ಕಡೆಯನ್ನೂ ನೋಡಬೇಕು. ಕಾದಂಬರಿ ದೇಶಪಾಂಡೆ ಮತ್ತು ನಚಿಕೇತ ಕೇಳ್ಕರ್ 2015ರಲ್ಲಿ ಪ್ರಕಟಿಸಿದ ಕೇರಳದ ಅಧ್ಯಯನದಲ್ಲಿ ರೈತರನ್ನೇ ಮಾತಾಡಿಸಿದ್ದಾರೆ. ಬಾವಲಿಗಳು ಒಯ್ದು ಒಂದೆಡೆ ಕೆಡವಿದ ಗೇರುಬೀಜ, ಅಡಿಕೆಗಳನ್ನು ಅಲ್ಲಿಯ ಜನ ಆರಿಸಿಕೊಳ್ಳುತ್ತಾರೆ, ಅದನ್ನು ಪ್ರಯೋಜನವೆಂದೇ ಎಣಿಸುತ್ತಾರೆ. ನಮ್ಮ ಉತ್ತರ ಕನ್ನಡ, ಶಿವಮೊಗ್ಗ, ದಕ್ಷಿಣ ಕನ್ನಡದ ತೋಟಗಳಲ್ಲೂ ಇಂಥ ಅಧ್ಯಯನ ತಾಲ್ಲೂಕುವಾರು ನಡೆಯಬೇಕು. ಅದಕ್ಕೆ ಬೇಕಾದ ಮಾಹಿತಿ ತೋಟದ ಕೆಲಸಗಾರರಲ್ಲಿದೆ, ಬಗನಿ ಹತ್ತುವವರಲ್ಲಿದೆ. ಯಾವ ತಿಂಗಳಲ್ಲಿ ಯಾವ ಮರದಡಿ ಚರಟ ಬೀಳುತ್ತದೆ ಎಂದು ಅವರನ್ನು ಕೇಳಿ ಬರೆದುಕೊಳ್ಳುವುದರಿಂದ ಕೆಲಸ ಶುರುವಾಗಬಹುದು.