ದನದ ದೊಡ್ಡಿಯಿಂದ ಊರಿಗೆ: ‘ಹಟ್ಟಿ’ ನಡೆದ ದಾರಿ

ತುಮ್ಮನಟ್ಟಿ ನೀಲಗಿರಿಯ ಬಡಗರ ಊರು. ಹೆಸರಿನ ತುದಿಯನ್ನು ಬಿಡಿಸಿ ನೋಡಿದರೆ ಸಿಗುವುದು ‘ಹಟ್ಟಿ’. ನಡುಹಟ್ಟಿ, ಮಣಿಹಟ್ಟಿ, ಅಧಿಕರಟ್ಟಿ: ಬೆಟ್ಟದುದ್ದಕ್ಕೂ ಇದೇ ಮಾತು. ಬಡಗ ನುಡಿಯಲ್ಲಿ ಹಟ್ಟಿ ಎಂದರೆ ಊರು. ಒಂದೇ ಹಟ್ಟಿಯಲ್ಲಿ ಹುಟ್ಟಿದವರು ಸಾಮಾನ್ಯವಾಗಿ ಅಣ್ಣತಂಗಿಯರ ಲೆಕ್ಕ. ಹೆಣ್ಣು ತರುವುದು ಬೇರೆ ಹಟ್ಟಿಯಿಂದ.

ಬೆಟ್ಟ ಇಳಿದು ಬಂದರೆ ಇದೇ ಮಾತಿಗೆ ಊರೂರಿಗೂ ಬೇರೆ ಅರ್ಥ. ಚಾಮರಾಜನಗರದ ಕಡೆ ಹಟ್ಟಿ ಎಂದರೆ ಮನೆ. ಅಲ್ಲಿಯ ಬಾಯಲ್ಲೂ ಹಕಾರ ಜಾರಿ ‘ಅಟ್ಟಿ’ ಆಗುತ್ತದೆ, ತುಮ್ಮನಟ್ಟಿಯಲ್ಲಿ ಜಾರಿದ ಹಾಗೆಯೇ. ಕರಾವಳಿಯಲ್ಲಿ ಅದು ದನದ ಕೊಟ್ಟಿಗೆ. ಹಟ್ಟಿಗೊಬ್ಬರ ಬರುವುದು ಅಲ್ಲಿಂದ. ಚಿತ್ರದುರ್ಗದ ಸೀಮೆಯಲ್ಲಿ ಕಾಡುಗೊಲ್ಲರು ನೆಲೆಸಿದ ಜಾಗವೇ ಗೊಲ್ಲರಹಟ್ಟಿ. ಉತ್ತರ ಕರ್ನಾಟಕದಲ್ಲಿ ದೀಪಾವಳಿಗೆ ಹಟ್ಟಿಹಬ್ಬವೆಂದೂ ಹೆಸರು. ಅಂದು ಸಗಣಿಯಲ್ಲಿ ಹಟ್ಟೆವ್ವನನ್ನು ಮಾಡಿ ಪೂಜಿಸುತ್ತಾರೆ.

ಮೂಲ ರೂಪ ‘ಪಟ್ಟಿ’. ಹಳಗನ್ನಡದ ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪಳ್ಳಿ ಹಳ್ಳಿಯಾಯಿತು. ಆ ಸಾಲಿನಲ್ಲೇ ಪಟ್ಟಿ ಹಟ್ಟಿಯಾಯಿತು. ಸುಮಾರು 10ನೆಯ ಶತಮಾನದಲ್ಲಿ ಶುರುವಾದ ಈ ಬದಲಾವಣೆ ತಮಿಳನ್ನು ಮುಟ್ಟಲಿಲ್ಲ. ಅಲ್ಲಿ ದನಕುರಿಗಳ ದೊಡ್ಡಿಯೂ ಪಟ್ಟಿ, ಸಣ್ಣ ಊರೂ ಪಟ್ಟಿ: ಕೋವಿಲ್‌ಪಟ್ಟಿ, ಉಸಿಲಂಪಟ್ಟಿ. ಬಡಗರು ಮಾತ್ರ ತಮಿಳುನಾಡಿನ ನಡುವೆ ಇದ್ದೂ ‘ಹ’ ಎನ್ನುತ್ತಾರೆ. ‘ಬಡಗ’ ಎಂದರೆ ಬಡಗಣ ದಿಕ್ಕಿನವನು. ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದವರು ಪಕಾರ ಹಕಾರವಾದ ಮೇಲೆ ಹೊರಟರೆಂಬುದಕ್ಕೆ ಈ ಒಂದು ಅಕ್ಷರವೇ ಸಾಕ್ಷಿ.

ದನಿ ಒಂದಾದ ಮಾತ್ರಕ್ಕೆ ನಂಟಸ್ತಿಕೆ ಇರಬೇಕೆಂದಿಲ್ಲ. ಪಂಜಾಬಿಯಲ್ಲಿ ‘ಹಟ್ಟಿ’ ಎಂದರೆ ಅಂಗಡಿ. 1919ರಲ್ಲಿ ಸಿಯಾಲ್‌ಕೋಟ್‌ನಲ್ಲಿ ತೆರೆದ ‘ಮಹಾಶಿಯಾಂ ದಿ ಹಟ್ಟಿ’ಯೇ ಇಂದಿನ ಎಂಡಿಎಚ್ ಮಸಾಲೆ. ಈ ಪಂಜಾಬಿ ಮಾತು ಸಂಸ್ಕೃತದ ‘ಹಟ್ಟ’, ಅಂದರೆ ಸಂತೆಯಿಂದ ಬಂದದ್ದು. ನಮ್ಮ ಹಟ್ಟಿಗೆ ಅದು ಏನೂ ಆಗಬೇಕಿಲ್ಲ.

ನಿಜವಾದ ಜೊತೆಗಾರ ಮಾತು ನೀಲಗಿರಿಯಲ್ಲೇ ಇದೆ. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಬೆಟ್ಟಕ್ಕೆ ಬಂದು ಬಿಡಾರ ಹೂಡಿದ್ದು ಕೋಟಗಿರಿ ಬಳಿಯ ದಿಂಬಟ್ಟಿಯಲ್ಲಿ, ಬಡಗರ ಹಟ್ಟಿಯ ಪಕ್ಕ. ಕೆಲವೇ ವರ್ಷಗಳಲ್ಲಿ ಅವನು ಅದೇ ಬೆಟ್ಟದ ಇನ್ನೊಂದು ಜನವಾದ ತೋದರ ನೆಲದಲ್ಲಿ ಕಲ್ಲುಮನೆ ಕಟ್ಟಿಸಿದ. ಆ ಜಾಗವೇ ಊಟಕಮಂಡ್. ತೋದರ ಕೇರಿಗೆ ಸುತ್ತಲಿನವರು ಕೊಟ್ಟ ಹೆಸರು ‘ಮಂದ್’. ನಮ್ಮ ‘ಮಂದೆ’ ಅದರದೇ ಬಳಗ. ಎಮ್ಮೆ ಸಾಕಿದ ತೋದರಿಗೂ, ದನ ಎಮ್ಮೆ ಕಟ್ಟಿ ಹಾಲು ಮೊಸರಿಗೆಂದೇ ಮನೆಯೊಳಗೆ ಕೋಣೆ ಇಟ್ಟ ಬಡಗರಿಗೂ ಊರಿನ ಹೆಸರು ಸಿಕ್ಕಿದ್ದು ದೊಡ್ಡಿಯಿಂದಲೇ.

ಊಟಕಮಂಡ್ ಈಗ ಉದಗಮಂಡಲ. ‘ಮಂಡಲ’ದೊಳಗೆ ಎಮ್ಮೆಯ ಮಂದೆ ಕಾಣುವುದಿಲ್ಲ. ಬಡಗರ ಹೊಲಗಳಿಗೆ ಆಲೂಗಡ್ಡೆ ಬಂತು, ಚಹಾ ಬಂತು, ಮೇವಿನ ಬಯಲು ಕಿರಿದಾಯಿತು. ತುಮ್ಮನಟ್ಟಿ ಎಂಬ ಹೆಸರನ್ನು ಇವತ್ತು ತಮಿಳಿನಲ್ಲಿ ಬರೆಯುವಾಗಲೂ ಕೊನೆಗೆ ಬರುವುದು ‘ಪಟ್ಟಿ’ಯಲ್ಲ, ‘ಅಟ್ಟಿ’.