ಕಾಸರಗೋಡಿನ ಶಾಲೆಗಳಲ್ಲಿ ಭಾಷೆ, ಪ್ರಾಯೋಗಿಕ ವಿಷಯ, ವೃತ್ತಿಪರ ಕೋರ್ಸ್: ಅರ್ಜಿ ತುಂಬುವ ಮುನ್ನ ತಿಳಿದಿರಬೇಕಾದ ವಿಷಯಗಳು

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಬ್ಯಾರಿ ಮನೆಗಳ ಮಕ್ಕಳಿಗೆ ಭಾಷೆಗೆ ಬರಗಾಲವಿಲ್ಲ. ಮನೆಯಲ್ಲಿ ಬ್ಯಾರಿ, ಮದ್ರಸದಲ್ಲಿ ಅರಬಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು ಮತ್ತು ಮಲಯಾಳಂ. ಆದರೆ ಹೈಸ್ಕೂಲಲ್ಲಿ ಯಾವ ಭಾಷೆ ತೆಗೆದುಕೊಳ್ಳಬೇಕು, ಎಸೆಸೆಲ್ಸಿ ನಂತರ ಯಾವ ಕೋರ್ಸಿಗೆ ಸೇರಬೇಕು ಎಂಬುದು ಎಷ್ಟೋ ಮನೆಗಳಲ್ಲಿ ತೀರ್ಮಾನ ಆಗೋದು ಅರ್ಜಿ ತುಂಬುವ ದಿನವೇ. ಒಂದು ಆಯ್ಕೆ ಮಾಡಿದರೆ ಇನ್ನೊಂದು ಬಾಗಿಲು ಕಿರಿದಾಗುತ್ತದೆ ಎಂಬುದು ಗೊತ್ತಾಗುವುದು ಆಮೇಲೆ.

ಹೈಸ್ಕೂಲಿನ ಭಾಷೆಗಳು

ಕೇರಳದಲ್ಲಿ 8ರಿಂದ 10ನೇ ತರಗತಿವರೆಗೆ ಹೈಸ್ಕೂಲು. ಇಲ್ಲಿ ಪ್ರಥಮ ಭಾಷೆಗೆ ಎರಡು ಪತ್ರಿಕೆಗಳಿವೆ. ಮೊದಲ ಪತ್ರಿಕೆಗೆ ಕನ್ನಡ, ಮಲಯಾಳಂ, ಅರಬಿ, ಉರ್ದು, ಸಂಸ್ಕೃತ ಮುಂತಾದವುಗಳಲ್ಲಿ ಶಾಲೆಯಲ್ಲಿ ಇರುವುದನ್ನು ಆರಿಸಬಹುದು. ಕನ್ನಡ ಮಾಧ್ಯಮದ ಮಗು ಮೊದಲ ಪತ್ರಿಕೆಗೆ ಅರಬಿ ತೆಗೆದುಕೊಂಡರೂ ಎರಡನೇ ಪತ್ರಿಕೆಯಲ್ಲಿ ಕನ್ನಡ ಉಳಿಯುತ್ತದೆ. ಅಂದರೆ ಅರಬಿ ತೆಗೆದುಕೊಂಡರೆ ಕನ್ನಡ ಪೂರ್ತಿ ಹೋಗುತ್ತದೆ ಎಂಬ ಮಾತು ಸರಿಯಲ್ಲ. ಕನ್ನಡದ ಪಾಲು ಅರ್ಧವಾಗುತ್ತದೆ, ಅಷ್ಟೇ. ಎಸೆಸೆಲ್ಸಿಯಲ್ಲಿ ಎರಡೂ ಪತ್ರಿಕೆಗೆ ತಲಾ 40 ಅಂಕದ ಲಿಖಿತ ಪರೀಕ್ಷೆ, 10 ಅಂಕದ ನಿರಂತರ ಮೌಲ್ಯಮಾಪನ. ಇಂಗ್ಲಿಷ್ ಮತ್ತು ಹಿಂದಿ ಬೇರೆ.

ಪ್ರಾಯೋಗಿಕ ಕಲಿಕೆ

ಐಟಿ ವಿಷಯಕ್ಕೆ ಎಸೆಸೆಲ್ಸಿಯಲ್ಲಿ 50 ಅಂಕ. ಅದರಲ್ಲಿ 40 ಅಂಕದ ಪರೀಕ್ಷೆ ನಡೆಯುವುದು ಕಂಪ್ಯೂಟರಿನ ಮುಂದೆ. 2018ರಲ್ಲಿ ಶುರುವಾದ 'ಲಿಟ್ಲ್ ಕೈಟ್ಸ್' ಐಟಿ ಕ್ಲಬ್‌ಗಳಲ್ಲಿ ಅನಿಮೇಷನ್, ಪ್ರೋಗ್ರಾಮಿಂಗ್ ಮುಂತಾದವುಗಳ ತರಬೇತಿ ಸಿಗುತ್ತದೆ. ಕೈಕೆಲಸದಲ್ಲಿ ಆಸಕ್ತಿ ಇರುವವರಿಗೆ ಶಾಸ್ತ್ರೋತ್ಸವದ ವೃತ್ತಿ ಪರಿಚಯ ಮೇಳವಿದೆ. ಕೊಡೆ ತಯಾರಿ, ಬಿದಿರಿನ ಕೆಲಸ, ಪುಸ್ತಕ ಬೈಂಡಿಂಗ್ ಇತ್ಯಾದಿಗಳನ್ನು ಅಲ್ಲೇ ಕೂತು ಮಾಡಿ ತೋರಿಸಬೇಕು.

ವೃತ್ತಿಪರ ಹಯರ್ ಸೆಕೆಂಡರಿ

ಎಸೆಸೆಲ್ಸಿ ನಂತರದ ಎರಡು ವರ್ಷದ ಈ ಕೋರ್ಸ್ (ವಿಎಚ್‌ಎಸ್‌ಇ) ಕೇರಳದಲ್ಲಿ 1983-84ರಲ್ಲಿ ಆರಂಭವಾಯಿತು. ಈಗ ರಾಜ್ಯದಲ್ಲಿ 389 ಶಾಲೆಗಳಲ್ಲಿ ಇದೆ. ಕಾಸರಗೋಡು ಜಿಲ್ಲೆಯಲ್ಲಿ ಮೊಗ್ರಾಲ್, ಕುಂಜತ್ತೂರು, ಮುಳ್ಳೇರಿಯದಂತಹ ಊರುಗಳ ಸರಕಾರಿ ಶಾಲೆಗಳಲ್ಲಿ ಸಿಗುತ್ತದೆ. ಇದರ ಅರ್ಜಿ ಸಾಮಾನ್ಯ ಪ್ಲಸ್ ವನ್ ಅರ್ಜಿಯಿಂದ ಬೇರೆ. ಒಂದನ್ನು ಹಾಕಿದರೆ ಇನ್ನೊಂದಕ್ಕೆ ಹಾಕಿದಂತಾಗುವುದಿಲ್ಲ.

ಇಲ್ಲಿ ಒಂದು ವೃತ್ತಿ ವಿಷಯದ ಜತೆಗೆ ವಿಜ್ಞಾನ, ಮಾನವಿಕ ಅಥವಾ ವಾಣಿಜ್ಯ ವಿಷಯಗಳಿರುತ್ತವೆ. ಸಾಫ್ಟ್‌ವೇರ್, ಕಚೇರಿ ನಿರ್ವಹಣೆ, ಹೈನುಗಾರಿಕೆ ಮುಂತಾದ ವೃತ್ತಿ ಕೋರ್ಸ್‌ಗಳಿದ್ದರೂ ಎಲ್ಲವೂ ಎಲ್ಲ ಶಾಲೆಯಲ್ಲಿ ಇಲ್ಲ. ವಾಣಿಜ್ಯ ವಿಭಾಗದಲ್ಲಿ ಅಕೌಂಟೆನ್ಸಿ, ಬಿಸಿನೆಸ್ ಸ್ಟಡೀಸ್ ಕಲಿಸುತ್ತಾರೆ. ಉದ್ಯಮಶೀಲತೆ ಎಲ್ಲರಿಗೂ ಕಡ್ಡಾಯ. ನಾಳೆ ಅಂಗಡಿಯ ಗಲ್ಲದಲ್ಲಿ ಕೂರುವ ಹುಡುಗನಿಗೂ, ಮನೆಯಿಂದಲೇ ವ್ಯಾಪಾರ ಮಾಡಬೇಕೆಂದಿರುವ ಹುಡುಗಿಗೂ ಇದು ಉಪಯೋಗದ ವಿಷಯ. 'ಫೇಲಾಗುವವರ ಕೋರ್ಸ್' ಎಂಬ ಮಾತಿಗೆ ಅರ್ಥವಿಲ್ಲ. ಈ ಸರ್ಟಿಫಿಕೇಟ್ ಪ್ಲಸ್ ಟುಗೆ ಸಮ; ಪದವಿಗೆ ಸೇರಬಹುದು.

ಗಮನಿಸಬೇಕಾದ ಅಂಶ

ಸಾಮಾನ್ಯ ಹಯರ್ ಸೆಕೆಂಡರಿಯಲ್ಲಿ ಇಂಗ್ಲಿಷ್ ಜತೆಗೆ ಕನ್ನಡ, ಅರಬಿ, ಮಲಯಾಳಂ, ಹಿಂದಿಯಂತಹ ಎರಡನೇ ಭಾಷೆಯೊಂದು ಇರುತ್ತದೆ. ವಿಎಚ್‌ಎಸ್‌ಇಯಲ್ಲಿ ಭಾಷೆ ಎಂದರೆ ಇಂಗ್ಲಿಷ್ ಮಾತ್ರ. ಹತ್ತು ವರ್ಷ ಕಲಿತ ಕನ್ನಡ ಅಲ್ಲಿಗೆ ತರಗತಿಯಿಂದ ಹೊರಗೆ ಉಳಿಯುತ್ತದೆ. ಮುಂದೆ ಕಾಸರಗೋಡು ಸರಕಾರಿ ಕಾಲೇಜಿನಂತಹ ಕಡೆ ಕನ್ನಡ ಅಥವಾ ಅರಬಿ ಪದವಿ ಮಾಡಬೇಕು, ಕನ್ನಡ ಮಾಧ್ಯಮದ ಶಿಕ್ಷಕ ಹುದ್ದೆಗೆ ಪಿಎಸ್‌ಸಿ ಬರೆಯಬೇಕು ಎಂದಿರುವವರಿಗೆ ಸಾಮಾನ್ಯ ಹಯರ್ ಸೆಕೆಂಡರಿಯೇ ನೇರ ದಾರಿ. ಬೇಗ ಕೆಲಸ ಕಲಿತು ಮನೆಗೆ ಆಸರೆಯಾಗಬೇಕು ಎನ್ನುವವರಿಗೆ ವಿಎಚ್‌ಎಸ್‌ಇ ಒಳ್ಳೆಯದು. ಆದರೆ ಕನ್ನಡ ಓದು-ಬರಹವನ್ನು ಮನೆಯಲ್ಲಿ, ಲೈಬ್ರರಿಯಲ್ಲಿ ತಾವೇ ಉಳಿಸಿಕೊಳ್ಳಬೇಕು.

ಅರ್ಜಿ ಹಾಕುವ ಮುಂಚೆ ಪೋಷಕರು ಶಾಲೆಗೆ ಹೋಗಿ ನಾಲ್ಕು ವಿಷಯ ಕೇಳಬೇಕು: ಯಾವ ವೃತ್ತಿ ಕೋರ್ಸ್ ಇದೆ? ಅದರ ಜತೆ ಯಾವ ವಿಷಯಗಳು? ಕನ್ನಡ, ಅರಬಿ ಅಧ್ಯಾಪಕರು ಇದ್ದಾರಾ? ಕೆಲಸದ ತರಬೇತಿ ಎಲ್ಲಿ ಕೊಡುತ್ತಾರೆ? ಉತ್ತರ ಸಿಕ್ಕಿದ ಮೇಲೆ ಮಗುವಿನ ಇಷ್ಟವನ್ನೂ ಕೇಳಿ ತೀರ್ಮಾನಿಸುವುದು ಉತ್ತಮ.